ಹೇನುಗಾರಿಕೆ

“ಇದು ಇಟಲಿಯ ಬೇಸಿಲ್, ಇದು ರೋಸ್‌ಮೇರಿ, ಇದು ಮುನ್ನೂರು ರೂಪಾಯಿಯ ಕ್ಯೂಬನ್ ಒರೆಗಾನೊ” ಎಂದು ಮೂರ್ತಿಯವರು ಒಂಬತ್ತನೆಯ ಮಹಡಿಯ ಅಡುಗೆಮನೆಯ ಕಿಟಕಿಯಲ್ಲಿದ್ದ ಕುಂಡಗಳನ್ನು ಪರಿಚಯಿಸುತ್ತ ಬಂದಾಗ, ರಾಯರು ಕೊನೆಯ ಗಿಡದ ಎಲೆಯೊಂದನ್ನು ಹೊಸಕಿ ಮೂಸಿ, “ಇವಳು ನಮ್ಮ ದೊಡ್ಡಪತ್ರೆಯಲ್ಲವೇ? ಕ್ಯೂಬಾಕ್ಕೆ ಯಾವಾಗ ಹೋಗಿದ್ದಳು?” ಎಂದು ವಿಚಾರಿಸಿದರು.

ಮೂರ್ತಿಯವರು ಮಾತು ಮರೆಸಿ, ಪುದೀನದ ಚಿಗುರು ಮುರುಟಿ ಎಲೆಯೆಲ್ಲ ಅಂಟಂಟಾಗಿರುವುದನ್ನು ತೋರಿಸಿದರು. ಎಲೆಯ ಅಡಿಯಲ್ಲಿ ಹಸಿರು ಹೇನುಗಳು ಒತ್ತೊತ್ತಾಗಿ ಕುಳಿತಿದ್ದವು. ಅವುಗಳ ನಡುವೆ ಇರುವೆಗಳು ಅಧಿಕಾರಿಗಳಂತೆ ಓಡಾಡುತ್ತಿದ್ದವು.

“ನೀವು ಮಾಡಿರುವುದು ತೋಟಗಾರಿಕೆಯಲ್ಲ ಮೂರ್ತಿಗಳೇ, ಹೇನುಗಾರಿಕೆ” ಎಂದರು ರಾಯರು. “ಹೇನು ಗಿಡದ ರಸ ಹೀರಿ ಸಿಹಿ ದ್ರವ ಬಿಡುತ್ತದೆ; ಇರುವೆ ಮೀಸೆಯಿಂದ ಅದರ ಬೆನ್ನು ತಟ್ಟಿ ಅದನ್ನು ಕರೆದುಕೊಳ್ಳುತ್ತದೆ, ಹೇನು ತಿನ್ನಲು ಬರುವ ಗುಲಗಂಜಿ ಹುಳುವನ್ನು ಅಟ್ಟಿ ಮಂದೆಯನ್ನೂ ಕಾಯುತ್ತದೆ. ಹಸು ಹೇನು, ಗೌಳಿ ಇರುವೆ, ಗೋಮಾಳ ನಿಮ್ಮ ಪುದೀನ.”

“ಮತ್ತು ಇವರು ಸಂಬಳವಿಲ್ಲದ ಆಳು” ಎಂದರು ಒಲೆಯ ಮುಂದಿದ್ದ ವಿಶಾಲಮ್ಮ.

“ಮಂದೆ ಬೆಳೆಯಲು ಹೋರಿ ಬೇಡವೇ?” ಎಂದು ಶೀನು ಕೇಳಿದ.

“ಬೇಡವಪ್ಪ. ಹೆಣ್ಣುಹೇನು ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತದೆ. ಹುಟ್ಟುವ ಮರಿಯ ಹೊಟ್ಟೆಯಲ್ಲಿ ಮೊಮ್ಮರಿ ಆಗಲೇ ಬೆಳೆಯುತ್ತಿರುತ್ತದೆ. ಪಶುವೈದ್ಯರನ್ನು ಕರೆಸುವ ಖರ್ಚೂ ಇಲ್ಲ.”

“ಹಾಗಾದರೆ ಗುಲಗಂಜಿ ಹುಳುವನ್ನೇ ತರಿಸೋಣ!” ಎಂದರು ಮೂರ್ತಿಯವರು.

“1898ರಲ್ಲಿ ಕಾಫಿ ಗಿಡದ ರಸ ಹೀರುವ ಕೀಟಕ್ಕೆಂದು ಅದರ ಬಳಗದ ಒಂದು ಹುಳುವನ್ನು ಆಸ್ಟ್ರೇಲಿಯಾದಿಂದ ತರಿಸಿದ್ದರು, ಹಿಟ್ಟುತಿಗಣೆ ಕಂಡರೂ ಅದು ಬಿಡುವುದಿಲ್ಲ. ಅದು ವಿದೇಶದಿಂದ ಬಂದರೂ ದುಡಿದು ಉಣ್ಣುತ್ತಿದೆ. ನಿಮ್ಮ ರೋಸ್‌ಮೇರಿಯೋ, ಒಣ ಮಣ್ಣು ಬೇಕೆಂದು ಹಟ ಹಿಡಿದಿದ್ದರೂ ನೀವು ಮೂರು ಹೊತ್ತು ನೀರುಣಿಸಿದ್ದರಿಂದ ಬೇರು ಕೊಳೆತು ಕುಳಿತಿದೆ; ಆ ಕೆಸರಿನಿಂದಲೇ ಈ ಗುಂಗುರುಗಳು ಏಳುತ್ತಿರುವುದು. ಸದ್ಯ ಎಲೆಯ ಅಡಿಯನ್ನು ನೀರಿನಿಂದ ಜೋರಾಗಿ ತೊಳೆದು, ಲೀಟರು ನೀರಿಗೆ 5 ಮಿಲಿ ಬೇವಿನೆಣ್ಣೆ ಹಾಕಿ, ಎಣ್ಣೆ ಬೆರೆಯುವಂತೆ ನಾಲ್ಕು ಹನಿ ಸೋಪುನೀರು ಸೇರಿಸಿ, ಸಂಜೆ ಸಿಂಪಡಿಸಿ.”

“ಆಮೇಲೆ ಚಟ್ನಿ ಕಹಿಯಾಗುವುದಿಲ್ಲವೇ?”

“ಯುಗಾದಿಯೆಂದುಕೊಳ್ಳಿ. ಬೇವು ನೀವು ಹಾಕುತ್ತೀರಿ, ಬೆಲ್ಲವನ್ನು ಹೇನು ಮೊದಲೇ ಹಾಕಿದೆ.”

ವಿಶಾಲಮ್ಮ ನಗುತ್ತಲೇ ಒಲೆ ಆರಿಸಿದರು. “ನಮ್ಮಮ್ಮ ಅವರೆಯ ಬಳ್ಳಿಗೆ ಹೇನು ಬಂದರೆ ಬಚ್ಚಲೊಲೆಯ ಬೂದಿಯನ್ನು ಮೊರದಲ್ಲಿ ತಂದು ಎರಚಿಬಿಡುತ್ತಿದ್ದರು. ದೊಡ್ಡಪತ್ರೆಗೆ ಅದೂ ಇಲ್ಲ. ಬಚ್ಚಲ ನೀರು ಹರಿಯುವಲ್ಲಿ ತನ್ನಷ್ಟಕ್ಕೆ ಹಬ್ಬಿರುತ್ತಿತ್ತು, ನಮಗೆ ಕೆಮ್ಮು ಬಂದಾಗಲಷ್ಟೇ ಅದರ ನೆನಪು.”

ರಾಯರು ಕೂಡ ಸುಮ್ಮನಾದರು. ಮೂರ್ತಿಯವರು ಮಾತ್ರ ಉತ್ಸಾಹದಿಂದ ಮೊಬೈಲು ತೆರೆದು, “ಬೂದಿಯೂ ಸಿಗುತ್ತದೆ, ನೋಡಿ! ಸೌದೆಯ ಬೂದಿ, ಅರ್ಧ ಕಿಲೋ ಪೊಟ್ಟಣ, ನಾಳೆಯೇ ಮನೆಗೆ ಬರುತ್ತದೆ” ಎಂದರು.

“ಯಾರ ಮನೆಯ ಒಲೆಯದೆಂದು ಬರೆದಿದ್ದಾರೆಯೇ?” ಎಂದು ವಿಶಾಲಮ್ಮ ಕೇಳಿದರು.