ಗೋಳಗುಮ್ಮಟದ ಮಾಡೆಲ್‌ಗೆ ಯಾವ ಅಂಟು ಹಚ್ಚಬೇಕು?

ಪ್ರಶ್ನೆ (ವಿಜಯಪುರ, ಕಾಲೇಜು ವಿದ್ಯಾರ್ಥಿ):
ನಮಸ್ಕಾರ್ರಿ ಸರ. ಪ್ರದರ್ಶನಕ್ಕ ಗೋಳಗುಮ್ಮಟದ ಮಾಡೆಲ್ ಮಾಡಾಕತ್ತೀನ್ರಿ. ಗೋಡೆ ಸನ್‌ಬೋರ್ಡಿಂದು (ಹಗುರ ಫೋಮಿನ ಹಲಗಿ), ಕಿಟಕಿಗೆ 2 ಎಂಎಂ ಅಕ್ರಿಲಿಕ್. ನಾಲ್ಕು ಮೂಲಿಯ ಏಳಂತಸ್ತಿನ ಮಿನಾರು ತ್ರೀಡಿ ಪ್ರಿಂಟ್ ಮಾಡಿಸೀನಿ, ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ ಅಂದಾರ. ಗುಮ್ಮಟಕ್ಕ ಒಂದು ಪ್ಲಾಸ್ಟಿಕ್ ಬೋಗುಣಿ ಬೋರಲ ಇಟ್ಟೀನಿ. ಎಲ್ಲಾದಕ್ಕೂ ಸೂಪರ್ ಗ್ಲೂ ಹಚ್ಚಿದ್ರ ಅಕ್ರಿಲಿಕ್ ಬೆಳ್ಳಗಾತು, ಬೋಗುಣಿ ಮರುದಿನಾನ ಎದ್ದು ಬಂತು. ಎಲ್ಲಾದಕ್ಕೂ ಹಿಡಿಯೋ ಒಂದು ಅಂಟು ಹೇಳ್ರಿ.

ಉತ್ತರ (ಬೆಳಗಾವಿ, ಮಾಡೆಲ್ ಮತ್ತ ಅಕ್ರಿಲಿಕ್ ಕೆಲಸದವರು):
ತಮ್ಮಾ, ಅಂಥಾ ಒಂದು ಅಂಟು ಇಲ್ಲ. ಮೊದಲ ಪ್ಲಾಸ್ಟಿಕ್ ಯಾವುದು ಅಂತ ಗುರ್ತು ಹಿಡಿ, ಅಂಟು ಆಮ್ಯಾಲ.

ಬೋಗುಣಿ ತಳಾ ನೋಡು. ತ್ರಿಕೋನದಾಗ 5 ಇದ್ರ ಅದು ಪಾಲಿಪ್ರೊಪಿಲೀನ್, 2 ಇಲ್ಲಾ 4 ಇದ್ರ ಪಾಲಿಥೀನ್. ಗುರ್ತು ಇಲ್ಲಂದ್ರ ಒಂದು ಚೂರು ಕತ್ತರಿಸಿ ನೀರಿಗೆ ಹಾಕು: ಇವೆರಡೂ ತೇಲತಾವ, ಅಕ್ರಿಲಿಕ್, ಪಿವಿಸಿ ಮುಳಗತಾವ. ಸುಟ್ಟು ಮಾತ್ರ ನೋಡಬ್ಯಾಡ, ಪಿವಿಸಿ ಸುಟ್ರ ಆಮ್ಲದ ಹೊಗಿ ಬರತೈತಿ. ತೇಲೋ ಜಾತಿಯ ಮ್ಯಾಲ ಯಾವ ಅಂಟೂ ಸರಿಯಾಗಿ ಹರಡಂಗಿಲ್ಲ, ಹನಿಯಾಗೇ ನಿಂತು ಬಿಡತೈತಿ. ಪ್ರೈಮರ್ (ಅಂಟು ಹಿಡಿಯಂಗ ಮೊದಲ ಹಚ್ಚೋ ದ್ರವ) ಹಚ್ಚಿ ಸೂಪರ್ ಗ್ಲೂ ಹಾಕಿದ್ರ ಹಿಡೀತೈತಿ, ಆದ್ರ ನಾ ಹೇಳೂದು ಬೋಗುಣಿ ಬಿಟ್ಟು ಅಕ್ರಿಲಿಕ್ ಅರ್ಧಗೋಳ ತಗೋ. ಬೋಗುಣೀನ ಬೇಕಂದ್ರ ಅಂಚಿಗೆ ತೂತು ಹಾಕಿ ಸಣ್ಣ ಸ್ಕ್ರೂ ಬಿಗಿ.

ಅಕ್ರಿಲಿಕ್ ಬೆಳ್ಳಗಾಗಿದ್ದು ಸೂಪರ್ ಗ್ಲೂದ ಆವಿ ಮ್ಯಾಲ ಕೂತು. ಅಕ್ರಿಲಿಕ್‌ಗೆ ಅಕ್ರಿಲಿಕ್ ಕೂಡಸಾಕ ನಾವು ಡೈಕ್ಲೋರೋಮಿಥೇನ್ ಅನ್ನೋ ಸಾಲ್ವೆಂಟ್ (ಕರಗಿಸೋ ದ್ರವ) ಬಳಸತೀವಿ. ಅದು ಅಂಟಲ್ಲ, ಎರಡೂ ಅಂಚು ಕರಗಿಸಿ ಬೆಸಿತೈತಿ. ತುಣುಕು ಜೋಡಿಸಿಟ್ಟು ಸಿರಿಂಜಿಂದ ಸಂದಿಗೆ ಒಂದು ಹನಿ ಬಿಟ್ರ ತಾನ ಒಳಗ ಹರೀತೈತಿ. ಇದು 40 ಡಿಗ್ರಿ ಹತ್ರಾನ ಕುದೀತೈತಿ, ನಿಮ್ಮೂರ ಬ್ಯಾಸಗಿ ಮಧ್ಯಾಹ್ನ ಸಂದಿಗೆ ಇಳಿಯೂದ್ರಾಗ ಆರಿ ಹೋಗತೈತಿ. ಮುಂಜಾನೆ ತಂಪಿನ್ಯಾಗ ಮಾಡು. ಇದರ ಆವಿ ಮೈಗೆ ಒಳ್ಳೇದಲ್ಲ, ಮುಚ್ಚಿದ ಖೋಲಿಯಾಗ ಮಾಡೂದ ಬ್ಯಾಡ. ರೂಢಿ ಇಲ್ಲಂದ್ರ ಅಕ್ರಿಲಿಕ್ ಅಂಗಡಿಯವರ ಕಡೆ ಹಚ್ಚಿಸು.

ನಿನ್ನ ಕಿಟಕಿ ಕೂಡೂದು ಸನ್‌ಬೋರ್ಡಿಗೆ. ಅದಕ್ಕ ಎಪಾಕ್ಸಿ ಬೇಕು, ಎರಡು ಟ್ಯೂಬಿಂದು. ಪಾಕೀಟಿನ ಮ್ಯಾಲಿನ ಅಳತೆಯಂಗ ಕಲಸಿ ಒಳಗಿನ ಅಂಚಿಗೆ ತೆಳ್ಳಗ ಹಚ್ಚು. ಅವಸರ ಇಲ್ಲಂದ್ರ ನಿಧಾನ ಗಟ್ಟಿಯಾಗೂದನ್ನ ತಗೋ, ಹಿಡಿತ ಅದರದ ಚಲೋ.

ಸನ್‌ಬೋರ್ಡ್ ಕತ್ತರಿಸಿದ ಅಂಚು ನೋಡು. ಪೂರಾ ಒಂದ ನಮೂನಿ ಬೆಳ್ಳಗಿದ್ರ ಪಿವಿಸಿ ಫೋಮ್. ಪೈಪಿಗೆ ಹಚ್ಚೋ ಸಾಲ್ವೆಂಟ್ ಸಿಮೆಂಟ್ ತೆಳ್ಳಗ ಹಚ್ಚಿದ್ರ ಗೋಡೆ ಗಟ್ಟಿ ಕೂಡತಾವ. ಎರಡೂ ಕಡೆ ಕಾಗದ ಇದ್ದು ನಡುವ ಫೋಮ್ ಇದ್ರ ಆ ಸಿಮೆಂಟ್ ಹಚ್ಚಬ್ಯಾಡ, ಫೋಮ್ ಕರಗಿ ಹೋಗತೈತಿ. ಅದಕ್ಕ ಫೆವಿಕಾಲ್.

ಮಿನಾರಿಗೆ ನಿನ್ನ ಸೂಪರ್ ಗ್ಲೂನ ಸಾಕು. ಕೂಡೋ ಜಾಗ ಸ್ಯಾಂಡ್‌ಪೇಪರ್‌ನಿಂದ ತಿಕ್ಕಿ, ಒರೆಸಿ, ಹಚ್ಚು. ಅಸಿಟೋನ್ ಹಚ್ಚು ಅಂತ ಯಾರರೆ ಹೇಳಿದ್ರ, ಅದು ಎಬಿಎಸ್ ಅನ್ನೋ ಬ್ಯಾರೆ ಪ್ಲಾಸ್ಟಿಕ್‌ಗೆ. ಅದರಿಂದ ಪಿಎಲ್‌ಎ ಬೆಸಿಯಾಕ ಬರಂಗಿಲ್ಲ.

ಪ್ರಶ್ನೆ (ಬಾಗಲಕೋಟೆ, ಶಿಕ್ಷಕಿ):
ಸರ, ನಮ್ಮ ಸಾಲಿ ಮಕ್ಕಳು ಥರ್ಮಾಕೋಲ್ ಬಳಸತಾರ್ರಿ. ಅಂಟು ಹಾಕಿದಲ್ಲಿ ತೂತು ಬೀಳತಾವ.

ಉತ್ತರ:
ಅಕ್ಕಾರ, ಥರ್ಮಾಕೋಲ್ ಅಂದ್ರ ಪಾಲಿಸ್ಟೈರೀನ್ ಫೋಮ್. ಸಾಲ್ವೆಂಟ್ ಇರೋ ಅಂಟು, ಸ್ಪ್ರೇ ಪೇಂಟ್ ಎರಡೂ ಅದನ್ನ ತಿಂತಾವ. ಬಿಳಿ ಫೆವಿಕಾಲ್ ಹಚ್ಚಿಸ್ರಿ, ಟಾಚಣಿ ಚುಚ್ಚಿ ರಾತ್ರಿಪೂರ್ತಿ ಬಿಡ್ರಿ. ಒಳಗಿನ ನೀರು ಆರಾಕ ಹೊತ್ತು ಹಿಡೀತೈತಿ. ಮಕ್ಕಳ ಕೈಯಾಗ ಸೂಪರ್ ಗ್ಲೂ ಕೊಡಲೇಬ್ಯಾಡ್ರಿ. ಚೆಲ್ಲಿದ್ದನ್ನ ಹತ್ತಿ ಬಟ್ಟೆಲೆ ಒರೆಸಿದ್ರ ಅದು ಕಾದು ಚರ್ಮ ಸುಡತೈತಿ.

ಪ್ರಶ್ನೆ (ವಿಜಯಪುರ):
ಸರ, ಅರ್ಧಗೋಳಾನ ತರತೀನ್ರಿ. 1:200 ಅಳತಿಗೆ ಎಷ್ಟರದು?

ಉತ್ತರ:
ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಹಂಗಾಗಿ 22 ಸೆಂ.ಮೀ. ಕೇಳು. ಸಿಗಲಿಲ್ಲಂದ್ರ 20ರದ ತಗೊಂಡು ಗೋಡೆ, ಮಿನಾರು ಅದಕ್ಕ ತಕ್ಕಂಗ ಇಳಿಸು. ಗೋಡೆ ಕೂಡಸೂಕಿಂತ ಮೊದಲ ತಗೋ.