ಬಳಸಲಾಗದ ಕೀಟನಾಶಕ: ‘ವಿಲೇವಾರಿ ಮಾಡಿ’ ಅನ್ನೋಣವೋ, ‘ತಂದುಕೊಡಿ’ ಅನ್ನೋಣವೋ?

ಗೆಳೆಯರೇ,

ಅಮೆರಿಕದ ಹಲವು ರಾಜ್ಯಗಳಲ್ಲಿ ರೈತರ ಬಳಿ ಉಳಿದುಹೋದ, ಇನ್ನು ಬಳಸಲಾಗದ ಕೀಟನಾಶಕಗಳನ್ನು ಸರ್ಕಾರವೇ ಸಂಗ್ರಹಿಸುವ ಏರ್ಪಾಡು ಇದೆ. ‘ಕ್ಲೀನ್ ಸ್ವೀಪ್’ ಎಂಬುದು ಅದಕ್ಕಿರುವ ಸಾಮಾನ್ಯ ಹೆಸರು. ವಾಷಿಂಗ್ಟನ್ ರಾಜ್ಯದಲ್ಲಿ ಇದು 1988ರಿಂದ ನಡೆಯುತ್ತಿದೆ. ಉತ್ತರ ಡಕೋಟಾದಲ್ಲಿ 1992ರಿಂದ ‘ಪ್ರಾಜೆಕ್ಟ್ ಸೇಫ್ ಸೆಂಡ್’ ಎಂಬ ಹೆಸರಲ್ಲಿ ಇದೆ. ಈ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ಸುಲಭ. ಅಲ್ಲಿ ಕಳೆನಾಶಕ, ಶಿಲೀಂಧ್ರನಾಶಕ, ಇಲಿ ಪಾಷಾಣ ಎಲ್ಲವನ್ನೂ ತೆಗೆದುಕೊಳ್ಳುತ್ತಾರೆ. ಹಾಗಾಗಿ ‘ಪೀಡೆನಾಶಕ’ ಅನ್ನುವುದೇ ಸರಿ. ಆದರೆ ಅದು ಕೃಷಿ ಪುಸ್ತಕಗಳ ಆಚೆ ಅಷ್ಟಾಗಿ ಬಳಕೆಯಲ್ಲಿಲ್ಲ. ‘ಔಷಧಿ’ ಎಲ್ಲರ ಬಾಯಲ್ಲೂ ಇದೆ, ನಿಜ. ಆದರೂ ಇಲ್ಲಿ ಅದು ಬೇಡ ಅನ್ನಿಸುತ್ತದೆ. ‘ಹಳೇ ಔಷಧಿ’ ಅಂದ ತಕ್ಷಣ ಅದರ ಶಕ್ತಿ ಹೋಗಿದೆ, ಇನ್ನು ಅಪಾಯವಿಲ್ಲ ಎಂಬ ಭಾವನೆ ಬರುತ್ತದೆ, ಅಲ್ವಾ? ಪೈರಿನ ಹುಳ ಕೊಲ್ಲುವಷ್ಟು ಕಸುವು ಉಳಿಯದಿದ್ದರೂ ಮನುಷ್ಯನಿಗೆ, ದನಕರುಗಳಿಗೆ, ಬಾವಿ ನೀರಿಗೆ ಅದು ವಿಷವೇ. ಕೆಲವು ರಾಸಾಯನಿಕಗಳು ಒಡೆದಾಗ ಮೂಲಕ್ಕಿಂತ ಜಾಸ್ತಿ ವಿಷವಾಗುವುದೂ ಉಂಟು. ಸದ್ಯಕ್ಕೆ ‘ಕೀಟನಾಶಕ’ ಎಂದೇ ಬರೆದು, ಕಳೆನಾಶಕವೂ ಸೇರುತ್ತದೆ ಎಂದು ಒಂದು ಸಾಲು ಹಾಕಿದ್ದೇನೆ.

‘ಅವಧಿ ಮೀರಿದ ಕೀಟನಾಶಕ’ ಎಂಬ ಬಳಕೆ ಕಂಡಿದ್ದೇನೆ. ಅದರ ಅರ್ಥ ತುಂಬಾ ಕಿರಿದು. ತಂದುಕೊಡುವ ಸರಕಿನಲ್ಲಿ ಅವಧಿ ಮೀರಿದ್ದು ಒಂದು ಪಾಲು ಮಾತ್ರ. ನಿಷೇಧವಾದದ್ದು ಇರುತ್ತದೆ. ಅಮೆರಿಕದಲ್ಲಿ 1972ರಲ್ಲೇ ನಿಷೇಧವಾದ ಡಿಡಿಟಿ, ದಶಕಗಳ ನಂತರವೂ ಹಳೇ ಕೊಟ್ಟಿಗೆಗಳಿಂದ ಇಂಥ ಸಂಗ್ರಹಕ್ಕೆ ಬಂದಿದೆ. ಚಳಿಗೆ ಹೆಪ್ಪುಗಟ್ಟಿ ಹಾಳಾದದ್ದು ಇರುತ್ತದೆ. ಲೇಬಲ್ ಕಿತ್ತುಹೋಗಿ ಒಳಗೇನಿದೆ ಎಂದೇ ಗೊತ್ತಿಲ್ಲದ್ದೂ ಇರುತ್ತದೆ. ‘ಕೀಟನಾಶಕ ತ್ಯಾಜ್ಯ’ ಅಂದರೆ ಖಾಲಿ ಡಬ್ಬ, ಪಂಪು ತೊಳೆದ ನೀರು ಎಂದುಕೊಳ್ಳುವವರೇ ಹೆಚ್ಚು. ಅದಕ್ಕೇ ‘ಬಳಸಲಾಗದ ಕೀಟನಾಶಕ’ ಎಂದು ಇಟ್ಟುಕೊಂಡೆ. ಇದಕ್ಕಿಂತ ಚಿಕ್ಕದು ಹೊಳೆದರೆ ದಯವಿಟ್ಟು ಹೇಳಿ.

ನಿಜವಾದ ತೊಡಕು ‘ವಿಲೇವಾರಿ’. ಕಸ ವಿಲೇವಾರಿ, ಕಡತ ವಿಲೇವಾರಿ ಎಂದು ನಮಗೆ ಚೆನ್ನಾಗಿ ಪರಿಚಯವಿರುವ ಪದ. ತಪ್ಪೇನೂ ಇಲ್ಲ. ಆದರೆ ‘ರೈತರೇ, ಬಳಸಲಾಗದ ಕೀಟನಾಶಕಗಳನ್ನು ಸುರಕ್ಷಿತವಾಗಿ ವಿಲೇವಾರಿ ಮಾಡಿ’ ಎಂದು ಬರೆದರೆ ಓದಿದವನು ಏನು ಮಾಡಬೇಕು? ಊರಿಂದ ದೂರ ಗುಂಡಿ ತೋಡಿ ಹೂಳುತ್ತಾನೆ, ಇಲ್ಲವೇ ಬಯಲಲ್ಲಿ ಸುಡುತ್ತಾನೆ. ಅವನ ಪ್ರಕಾರ ಅದೇ ಸುರಕ್ಷಿತ. ಹೂತದ್ದು ಮಣ್ಣಿನ ಮೂಲಕ ಅಂತರ್ಜಲಕ್ಕೆ ಇಳಿಯಬಹುದು. ಕ್ಲೋರಿನ್ ಇರುವಂಥದ್ದನ್ನು ಸುಮ್ನೆ ಬೆಂಕಿಗೆ ಹಾಕಿದರೆ ಡಯಾಕ್ಸಿನ್‌ನಂಥ ಇನ್ನೂ ಕೆಟ್ಟ ವಿಷ ಹುಟ್ಟಬಹುದು. ಅದನ್ನು ಸರಿಯಾಗಿ ಸುಡಲು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖ ಬೇಕು, ಹೊಗೆ ಶುದ್ಧಮಾಡುವ ಸಲಕರಣೆ ಇರುವ ಕುಲುಮೆ ಬೇಕು. ರೈತ ಒಬ್ಬನೇ ಮಾಡುವ ಕೆಲಸ ಇದಲ್ಲ. ಈ ಕಾರ್ಯಕ್ರಮಗಳು ಹುಟ್ಟಿದ್ದೇ ಅದಕ್ಕೆ.

ಇಲ್ಲಿ ರೈತನ ಪಾಲು ಚಿಕ್ಕದು. ಡಬ್ಬವನ್ನು ಮೂಲ ಲೇಬಲ್ ಸಮೇತ ಹಾಗೇ ಇಡಬೇಕು. ಒಂದನ್ನು ಇನ್ನೊಂದಕ್ಕೆ ಬೆರೆಸಬಾರದು. ಸೋರುತ್ತಿದ್ದರೆ ದೊಡ್ಡದೊಂದು ಗಟ್ಟಿ ಪಾತ್ರೆಯೊಳಗೆ ಕೂರಿಸಿ, ಸುತ್ತ ದ್ರವ ಹೀರುವ ವಸ್ತು ತುಂಬಬೇಕು. ಹೇಳಿದ ದಿನ, ಹೇಳಿದ ಜಾಗಕ್ಕೆ ತರಬೇಕು. ಮಿಕ್ಕದ್ದೆಲ್ಲ ಪರವಾನಗಿ ಇರುವ ಗುತ್ತಿಗೆದಾರರ ಹೊಣೆ. ಹಾಗಾಗಿ ‘ವಿಲೇವಾರಿ’ಯನ್ನು ಇಲಾಖೆಯ ಕೆಲಸಕ್ಕೆ ಮೀಸಲಿಟ್ಟು, ರೈತನಿಗೆ ಬೇರೆ ಕ್ರಿಯಾಪದ ಕೊಡಬೇಕು ಎಂಬುದು ನನ್ನ ನಿಲುವು.

ಯಾವುದು ಕೊಡೋಣ? ‘ಹಿಂತಿರುಗಿಸಿ’ ಅಂದರೆ ಕೊಂಡ ಅಂಗಡಿಗೆ ಎಂದಾಗುತ್ತದೆ. ‘ಒಪ್ಪಿಸಿ’ ಚೆನ್ನಾಗಿದೆ, ಜವಾಬ್ದಾರಿ ಕೈ ಬದಲಾಯಿತು ಎಂಬ ಅರ್ಥ ಅದರಲ್ಲಿದೆ. ಆದರೆ ಪೊಲೀಸರಿಗೆ ಒಪ್ಪಿಸುವ ಛಾಯೆಯೂ ಇದೆ. ನಿಷೇಧಿತ ವಿಷ ಇಟ್ಟುಕೊಂಡ ರೈತನಿಗೆ ದಂಡ ಬೀಳುವ ಹೆದರಿಕೆ ಮೊದಲೇ ಇರುತ್ತದೆ. ಆ ಹೆದರಿಕೆ ಹೋಗಲೆಂದೇ ಹಲವು ರಾಜ್ಯಗಳಲ್ಲಿ ‘ಎಲ್ಲಿಂದ ಬಂತು, ಯಾಕೆ ಇಟ್ಟುಕೊಂಡೆ’ ಎಂದು ಕೇಳುವುದಿಲ್ಲ. ಶುಲ್ಕವನ್ನೂ ಬಹುತೇಕ ಕಡೆ ತೆಗೆದುಕೊಳ್ಳುವುದಿಲ್ಲ, ಒಂದು ಮಿತಿಯವರೆಗಾದರೂ. ಇಷ್ಟು ಕಾಳಜಿಯಿಂದ ಕರೆಯುವಾಗ ಪದವೇ ಅವನನ್ನು ಹಿಂಜರಿಯುವಂತೆ ಮಾಡಬಾರದು.

ನನ್ನ ಒಲವು ‘ತಂದುಕೊಡಿ’ ಕಡೆಗಿದೆ: ‘ಬಳಸಲಾಗದ ಕೀಟನಾಶಕಗಳನ್ನು ಸಂಗ್ರಹ ಕೇಂದ್ರಕ್ಕೆ ತಂದುಕೊಡಿ, ವಿಲೇವಾರಿ ನಾವು ಮಾಡುತ್ತೇವೆ.’ ಸರ್ಕಾರಿ ಪ್ರಕಟಣೆಗೆ ಇದು ತೀರಾ ಮಾತಿನ ಧಾಟಿ ಆಯಿತೇ? ‘ಒಪ್ಪಿಸಿ’ಯ ಬಗ್ಗೆ ನಾನು ಹೇಳಿದ ಛಾಯೆ ನಿಮ್ಮ ಕಡೆಯ ಬಳಕೆಯಲ್ಲೂ ಇದೆಯೇ? ಕೃಷಿ ಕರಪತ್ರ ಬರೆದು ಅನುಭವವಿರುವವರು ಇದ್ದರೆ ಅವರ ಮಾತು ವಿಶೇಷವಾಗಿ ಬೇಕು.