ಮಾರುತಿ 800: ಟೆಂಪರೇಚರ್ ಮುಳ್ಳು ಇದ್ದಕ್ಕಿದ್ದಂತೆ ಬೀಳುತ್ತದೆ, ತಾನಾಗೇ ಏಳುತ್ತದೆ

ಬಿಳಿ800:
ಎಲ್ಲರಿಗೂ ನಮಸ್ಕಾರ. ನನ್ನದು 1998ರ ಮಾರುತಿ 800, ಕಾರ್ಬುರೇಟರ್ ಗಾಡಿ. ಅಪ್ಪ ಓಡಿಸುತ್ತಿದ್ದದ್ದು, ಈಗ ನನ್ನ ಕೈಗೆ ಬಂದಿದೆ. ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಂತಿರುತ್ತದೆ. ಓಡುತ್ತಾ ಓಡುತ್ತಾ ದಪ್ಪಂತ ‘ಸಿ’ಗೆ (ತಣ್ಣಗಿನ ತುದಿಗೆ) ಬೀಳುತ್ತದೆ. ಒಮ್ಮೆ ಒಂದು ನಿಮಿಷ, ಇನ್ನೊಮ್ಮೆ ಹತ್ತು ನಿಮಿಷ ಅಲ್ಲೇ ಮಲಗಿದ್ದು ಮತ್ತೆ ಮೇಲೆ ಬರುತ್ತದೆ. ಮೊನ್ನೆ ಮಂಗಳೂರಿನಿಂದ ಹಾಸನಕ್ಕೆ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಷ್ಟರಲ್ಲಿ ಆರು ಸಲ ಹೀಗಾಯಿತು. ಮೆಕ್ಯಾನಿಕ್ ಇಂಜಿನ್ ನೀರಿನ ಬಿಸಿ ಅಳೆಯುವ ಸೆನ್ಸರ್ ಹೊಸದು ಹಾಕಿದರು. ಎರಡು ದಿನ ಸರಿ ಇತ್ತು, ಮೂರನೇ ದಿನ ಅದೇ ಕಥೆ. ಈಗ ‘ಮೀಟರೇ ಹೋಗಿದೆ, ಗುಜರಿಯಲ್ಲಿ ಹುಡುಕಿ’ ಅಂತಿದ್ದಾರೆ. ಹುಡುಕಲಾ?

ವೈರ್‌ಪೆಟ್ಟಿಗೆ:
ಬೇಡ ಸರ್, ನಿಲ್ಲಿ. ಮೊದಲು ಎರಡು ಪ್ರಶ್ನೆ. ಮುಳ್ಳು ಬೀಳೋದಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ? ಅದು ಬಿದ್ದಾಗ ಪೆಟ್ರೋಲ್ ಮುಳ್ಳು ಏನು ಮಾಡುತ್ತದೆ?

ಯಾಕೆ ಕೇಳ್ತೀನಿ ಅಂದ್ರೆ, ಇಂಜಿನ್ನಿನೊಳಗಿನ ಅಷ್ಟೂ ನೀರು ನಾಲ್ಕು ಸೆಕೆಂಡಿನಲ್ಲಿ ತಣ್ಣಗಾಗಲು ಸಾಧ್ಯವೇ ಇಲ್ಲ. ಮುಳ್ಳು ನಿಧಾನಕ್ಕೆ ಜರುಗಿದರೆ ಅದು ಶಾಖದ ವಿಷಯ: ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವ್), ಫ್ಯಾನ್, ನೀರು. ದಪ್ಪಂತ ಬಿದ್ದರೆ ಹೆಚ್ಚಿನ ಸಲ ಕರೆಂಟಿನ ವಿಷಯ. ಪೆಟ್ರೋಲ್ ಮುಳ್ಳೂ ಜೊತೆಗೇ ಬಿದ್ದರೆ ಎರಡಕ್ಕೂ ಕರೆಂಟ್ ಬರುವ ಕಡೆ ನೋಡಬೇಕು. ಈ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಕಡಿಮೆ, ಕರೆಂಟ್ ಜಾಸ್ತಿ, ಮುಳ್ಳು ಮೇಲೆ. ಅಂದಮೇಲೆ ದಾರಿಯಲ್ಲಿ ಎಲ್ಲಾದರೂ ವೈರ್ ಬಿಟ್ಟುಕೊಂಡರೆ ಮುಳ್ಳು ಕೆಳಗೇ ಬೀಳಬೇಕು. ವೈರ್ ಎಲ್ಲಾದರೂ ಸುಲಿದು ಗಾಡಿಯ ಲೋಹದ ಬಾಡಿಗೆ ತಾಗಿದರೆ ಉಲ್ಟಾ, ‘ಎಚ್’ (ಬಿಸಿ) ಕಡೆ ಓಡುತ್ತದೆ. ನಿಮ್ಮದು ಯಾವಾಗಲೂ ಕೆಳಗೇ ಅಲ್ವಾ?

ಬಿಳಿ800:
ಹೌದು, ಯಾವಾಗಲೂ ಕೆಳಗೇ. ಮೂರು ನಾಲ್ಕು ಸೆಕೆಂಡ್ ಅಷ್ಟೇ. ಪೆಟ್ರೋಲ್ ಮುಳ್ಳು ಅಲ್ಲಾಡಲ್ಲ.

ಘಾಟಿರಸ್ತೆ:
ವೈರಿಂಗ್ ಪಂಡಿತರ ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಮೊದಲು ನೀರು ನೋಡಿ ಅಣ್ಣಾ. ನೀರು ಕಮ್ಮಿಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತರೂ ಮುಳ್ಳು ಇಳಿಯುತ್ತದೆ. ಒಂದು ಸಲ ಚಾರ್ಮಾಡಿಯಲ್ಲಿ ನನ್ನ ಗಾಡಿಯ ಮುಳ್ಳು ಇಳಿದಿದ್ದು ನೋಡಿ ‘ಅಬ್ಬಾ, ತಣ್ಣಗಾಯ್ತು’ ಅಂದುಕೊಂಡೆ. ಮುಂದಿನ ತಿರುವಿನಲ್ಲಿ ಬಾನೆಟ್ಟಿಂದ ಹೊಗೆ. ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲೆಯ ಕೆಳಗಿನ ಸೀಲ್) ಹೋಯ್ತು. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳವನ್ನೇ ತೆಗೆದು ನೋಡಿ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿದೆ ಅಂತ ನಂಬಬೇಡಿ. ಬಿಸಿ ಇದ್ದಾಗ ಮಾತ್ರ ಮುಚ್ಚಳ ಮುಟ್ಟಲೇಬೇಡಿ, ಮುಖಕ್ಕೇ ಹಾರುತ್ತದೆ.

ವೈರ್‌ಪೆಟ್ಟಿಗೆ:
ಘಾಟಿರಸ್ತೆ ಹೇಳಿದ್ದು ಸರಿ, ನೀರು ಮೊದಲು. ಅದು ಸರಿ ಇದ್ದರೆ ಹೀಗೆ ಮಾಡಿ. ಕೀ ಆನ್, ಇಂಜಿನ್ ಆಫ್. ಸೆನ್ಸರಿನ ಒಂಟಿ ವೈರ್ ಕಿತ್ತು ಬಿಡಿ, ಮುಳ್ಳು ‘ಸಿ’ಯಲ್ಲಿ ಇರಬೇಕು. ಆಮೇಲೆ ಆ ವೈರನ್ನು ಒಂದು ಪುಟ್ಟ ಬಲ್ಬಿನ ಮೂಲಕ ಬಾಡಿಗೆ ತಾಗಿಸಿ. 12 ವೋಲ್ಟಿನ 3.4 ವ್ಯಾಟ್ ಬಲ್ಬ್ ಸಾಕು. ಮುಳ್ಳು ಎದ್ದರೆ ಮೀಟರ್ ಚೆನ್ನಾಗಿದೆ, ಗುಜರಿಗೆ ಹೋಗೋದು ಬೇಡ. ಸುಮ್ನೆ ನೇರವಾಗಿ ಬಾಡಿಗೆ ಹಿಡಿದು ನಿಲ್ಲಬೇಡಿ, ಮೀಟರ್ ಸುಟ್ಟೀತು. ಫ್ಯಾನಿನ ಸ್ವಿಚ್ ಬೇರೆ, ಮೀಟರಿನ ಸೆನ್ಸರ್ ಬೇರೆ, ಅದನ್ನೂ ನೋಡಿಕೊಳ್ಳಿ.

ಬಿಳಿ800:
ಭಾನುವಾರ ಪೂರ್ತಿ ಇದೇ ಕೆಲಸ. ನೀರು ಮುಚ್ಚಳದವರೆಗೆ ಇದೆ. ವೈರ್ ಕಿತ್ತೆ, ಮುಳ್ಳು ಸಿ. ಬಲ್ಬ್ ಇಟ್ಟೆ, ಮುಳ್ಳು ಎದ್ದಿತು. ಮೀಟರ್ ಬಚಾವ್.

ಸೆನ್ಸರ್ ಬಿಚ್ಚಿದೆ. ಥ್ರೆಡ್ಡಿಗೆ ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಐದಾರು ಸುತ್ತು ಸುತ್ತಿದ್ದಾರೆ. ಇದೇನಾ ಕಾರಣ? ಅಮ್ಮನ ಹಾಲಿನ ಪಾತ್ರೆಯಲ್ಲಿ ಅದನ್ನು ಕುದಿಸಿಯೂ ನೋಡಿದೆ (ಬೈಸಿಕೊಂಡೆ). ಮಲ್ಟಿಮೀಟರಿನಲ್ಲಿ 50 ಡಿಗ್ರಿಗೆ ಸುಮಾರು 150 ಓಮ್, 80ಕ್ಕೆ 52, ಕುದಿಯುವಾಗ 31. ಎಲ್ಲೂ ಜಿಗಿಯಲಿಲ್ಲ, ನುಣ್ಣಗೆ ಇಳಿಯಿತು.

ವೈರ್‌ಪೆಟ್ಟಿಗೆ:
ಸೆನ್ಸರ್ ಚಿನ್ನದಂತಿದೆ. ಹಾಸನದ ಎತ್ತರಕ್ಕೆ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ, ಹಾಗಾಗಿ 31 ಸರಿಯೇ. ಪಾತ್ರೆ ಚೆನ್ನಾಗಿ ತೊಳೆದುಕೊಡಿ.

ಟೇಪಿನ ಬಗ್ಗೆ ಜಗಳ ಬೇಡ, ಅಳೆಯಿರಿ. ಸೆನ್ಸರಿಗೆ ಅರ್ತ್ (ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ) ಸಿಗೋದು ಅದರ ಥ್ರೆಡ್ಡಿನಿಂದಲೇ. ಕೂರಿಸಿದ ಮೇಲೆ ಸೆನ್ಸರಿನ ಮೈಗೂ ಬ್ಯಾಟರಿ ಮೈನಸ್‌ಗೂ ಮಧ್ಯೆ ಸೊನ್ನೆ ಓಮ್ ಹತ್ತಿರ ಬರಬೇಕು. ಟೇಪ್ ತೆಗೆದು ಒಂದಿಷ್ಟು ಸೀಲೆಂಟ್ ಹಚ್ಚಿದರೆ ಚಿಂತೆಯೇ ಇಲ್ಲ. ಆದರೆ ನನ್ನ ಅನುಮಾನ ವೈರ್ ಮೇಲೆ. ಬಲ್ಬ್ ಕಟ್ಟಿಯೇ ಇಟ್ಟು, ಒಬ್ಬರನ್ನು ಮೀಟರ್ ಮುಂದೆ ಕೂರಿಸಿ, ನೀವು ವೈರನ್ನು ಗೇಣು ಗೇಣಾಗಿ ಬಗ್ಗಿಸುತ್ತಾ ಬನ್ನಿ.

ಬಿಳಿ800:
ಸಿಕ್ಕಿತು!! ತಂಗಿಯನ್ನು ಸ್ಟಿಯರಿಂಗ್ ಮುಂದೆ ಕೂರಿಸಿದ್ದೆ. ಬಲ್ಬ್ ನನ್ನ ಕಣ್ಣೆದುರೇ ಆರಿ ಹೊತ್ತುತ್ತಿತ್ತು, ಅವಳು ಒಳಗಿಂದ ‘ಬಿತ್ತು, ಎದ್ದಿತು’ ಅಂತ ಕೂಗುತ್ತಿದ್ದಳು. ಸೆನ್ಸರಿನಿಂದ ಒಂದು ಗೇಣು ಹಿಂದೆ, ವೈರ್ ತಿರುಗಿ ಬಾಡಿ ಕಡೆಯ ಮೇನ್ ವೈರ್‌ಗಳ ಕಟ್ಟಿಗೆ ಸೇರುವ ಜಾಗ. ಮೇಲಿನ ಪ್ಲಾಸ್ಟಿಕ್ಕಿನಲ್ಲಿ ಒಂದು ಗೀರೂ ಇಲ್ಲ. ಬೆರಳಲ್ಲಿ ಹಿಡಿದರೆ ಅಲ್ಲಿ ಮಾತ್ರ ಮೆತ್ತಗೆ, ನೆನೆದ ಶಾವಿಗೆ ಥರ. ಸೀಳಿ ನೋಡಿದರೆ ಒಳಗೆ ತಾಮ್ರದ ಎಳೆಗಳೆಲ್ಲ ತುಂಡು, ಹಸಿರು ಪುಡಿ. ಒಂದೇ ಒಂದು ಎಳೆ ತಾಗಿಕೊಂಡಿತ್ತು.

ವೈರ್‌ಪೆಟ್ಟಿಗೆ:
ಇಂಜಿನ್ ಅಲ್ಲಾಡುತ್ತದೆ, ಬಾಡಿ ಅಲ್ಲಾಡಲ್ಲ. ಮಧ್ಯದ ವೈರ್ ಇಷ್ಟು ವರ್ಷ ಬಗ್ಗಿ ಬಗ್ಗಿ ಸತ್ತಿದೆ. ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿ ಇಂಜಿನ್ ಜಾಸ್ತಿ ವಾಲುತ್ತದೆ, ಅದಕ್ಕೇ ಶಿರಾಡಿಯಲ್ಲಿ ಆರು ಸಲ. ಸೆನ್ಸರ್ ಬದಲಿಸುವಾಗ ವೈರ್ ಅಲುಗಿ ಎಳೆಗಳು ಮತ್ತೆ ತಾಗಿಕೊಂಡಿರುತ್ತವೆ, ಎರಡು ದಿನ ಸರಿಯಾಗಿದ್ದು ಅಷ್ಟಕ್ಕೇ. ಹಸಿರು ಇರುವಷ್ಟನ್ನೂ ಕತ್ತರಿಸಿ, ಹೊಸ ತುಂಡು ಬೆಸುಗೆ ಹಾಕಿ, ಸ್ಲೀವ್ ಏರಿಸಿ. ಸ್ವಲ್ಪ ಉದ್ದ ಬಿಡಿ, ಬಿಗಿಯಾಗಿ ಎಳೆಯಬೇಡಿ.

ಬಿಳಿ800:
ಹಾಗೇ ಮಾಡಿದೆ, ಟೇಪೂ ತೆಗೆದೆ. ಸಕಲೇಶಪುರಕ್ಕೆ ಹೋಗಿ ಬಂದೆ, ಮುಳ್ಳು ಒಮ್ಮೆಯೂ ಬೀಳಲಿಲ್ಲ. ಆದರೆ ಇನ್ನೊಂದು ಗಮನಿಸಿದೆ. ಹೈವೇಯಲ್ಲಿ 70ರಲ್ಲಿ ಹೋದರೆ ಮುಳ್ಳು ನಿಧಾನಕ್ಕೆ ಕಾಲು ಭಾಗಕ್ಕೆ ಇಳಿಯುತ್ತದೆ. ಊರೊಳಗೆ ಬಂದರೆ ಮತ್ತೆ ಏರುತ್ತದೆ.

ಘಾಟಿರಸ್ತೆ:
ಇದು ನನ್ನ ಇಲಾಖೆ. ನಿಧಾನಕ್ಕೆ ಅಂದ್ರಲ್ಲ, ಇದು ಶಾಖದ್ದು. ಥರ್ಮೋಸ್ಟಾಟ್ ತೆಗೆದಿರುತ್ತಾರೆ ನೋಡಿ. ‘ನಮ್ಮ ಬಿಸಿಲಿಗೆ ಅದ್ಯಾಕೆ’ ಅಂತ ಕಿತ್ತು ಬಿಸಾಡುವುದು ನಮ್ಮ ಕಡೆಯ ಹಳೇ ಚಾಳಿ. ಇಂಜಿನ್ ಬಿಸಿಯೇ ಆಗಲ್ಲ, ಪೆಟ್ರೋಲ್ ಕುಡಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಹಿಡಿದು ನೋಡಿ, ಫ್ಯಾನಿನಿಂದ ಕೈ ದೂರ ಇರಲಿ. ಥರ್ಮೋಸ್ಟಾಟ್ ಇದ್ದರೆ ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಇಲ್ಲದಿದ್ದರೆ ಮೊದಲಿನಿಂದಲೇ ಉಗುರುಬೆಚ್ಚಗೆ.

ಬಿಳಿ800:
ಉಗುರುಬೆಚ್ಚಗೆ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಅಪ್ಪನ ಲೆಕ್ಕದ ಪುಸ್ತಕ ಇತ್ತು, ತೆಗೆದು ನೋಡಿದೆ. 2009ರ ಏಪ್ರಿಲ್: ‘ರೇಡಿಯೇಟರ್ ವಾಲ್ವ್ ತೆಗೆಸಿದೆ. 80 ರೂ. ಮೈಲೇಜ್ ಯಾಕೋ ಕಮ್ಮಿ.’ ಅಪ್ಪ ‘ವಾಲ್ವ್’ ಅಂದಿದ್ದು ಥರ್ಮೋಸ್ಟಾಟನ್ನೇ. ಹೊಸದಕ್ಕೆ ಅಂಗಡಿಯಲ್ಲಿ ಹೇಳಿ ಬಂದಿದ್ದೇನೆ, 82 ಡಿಗ್ರಿಗೆ ತೆರೆಯುವಂಥದ್ದು. ಗ್ಯಾಸ್ಕೆಟ್ ಜೊತೆಗೇ ಬರುತ್ತಾ, ಬೇರೆ ಕೊಳ್ಳಬೇಕಾ?

ಘಾಟಿರಸ್ತೆ:
ಬೇರೆ ಕೇಳಿ ತಗೊಳ್ಳಿ. ಹಳೇ ಗ್ಯಾಸ್ಕೆಟ್ಟನ್ನು ಉಪ್ಪುಕಾಗದದಲ್ಲಿ ಪೂರ್ತಿ ಉಜ್ಜಿ ತೆಗೆಯಿರಿ, ಇಲ್ಲಾಂದ್ರೆ ಸೋರುತ್ತದೆ.